ಪುಳ್ಳೆಯ ಜೊತೆ ಮನೆಗೆ ಬಂದ ಸೂರ್ಯನ ಕುದುರೆಯ ಮೊಟ್ಟೆಗೂಡು: ಮಗಳು ಸಾಕುತ್ತೇನೆ ಅನ್ನುತ್ತಾಳೆ, ಹೇಗೆ?

ತೋಟದಮನೆ, ಶಿರಸಿ · ಏಪ್ರಿಲ್ 14
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ ತೋಟದ ಮನೆ. ಮಗಳು ಆರನೇ ಕ್ಲಾಸು ಮುಗಿಸಿದ್ದಾಳೆ. ಕಳೆದ ನವರಾತ್ರಿ ಹೊತ್ತಿಗೆ ಅಂಗಳದ ದಾಸವಾಳದಲ್ಲಿ ಅವಳಿಗೊಂದು ಹಸಿರು ಸೂರ್ಯನ ಕುದುರೆ ಸಿಕ್ಕಿತ್ತು. ಇನ್ನೂ ರೆಕ್ಕೆ ಬಂದಿರಲಿಲ್ಲ. ಉಪ್ಪಿನಕಾಯಿ ಡಬ್ಬದ ಮುಚ್ಚಳಕ್ಕೆ ತೂತು ಹೊಡೆದು ಅದರಲ್ಲಿ ಸಾಕಿದಳು. ಮೂರು ವಾರ ಚೆನ್ನಾಗಿತ್ತು. ಕೈಯಲ್ಲಿ ಮಿಡತೆ ಹಿಡಿದು ಕೊಟ್ಟರೆ ಬಂದು ತೆಗೆದುಕೊಳ್ಳುತ್ತಿತ್ತು. ಒಂದು ದಿನ ತಿನ್ನುವುದನ್ನು ಬಿಟ್ಟಿತು. ಹಸಿವಾದಾಗ ತಿನ್ನಲಿ ಎಂದು ಮಿಡತೆಯನ್ನು ಒಳಗೇ ಬಿಟ್ಟು ಮಲಗಿದೆವು. ಬೆಳಿಗ್ಗೆ ನೋಡಿದರೆ ಡಬ್ಬದ ತಳದಲ್ಲಿ ಬಿದ್ದಿದೆ. ಪೊರೆ ಅರ್ಧ ಕಳಚಿದೆ, ಕಾಲುಗಳೆಲ್ಲ ಸೊಟ್ಟ. ಮಧ್ಯಾಹ್ನಕ್ಕೆ ಸತ್ತುಹೋಯಿತು. "ನಾನೇ ಕೊಂದೆ" ಎಂದು ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೊನ್ನೆ ಬಚ್ಚಲ ಒಲೆಗೆ ಬೆಟ್ಟದಿಂದ ಪುಳ್ಳೆ ತಂದಿದ್ದೆವು. ಒಂದು ಕಡ್ಡಿಗೆ ಕಂದು ಬಣ್ಣದ, ಒಣಗಿದ ನೊರೆಯಂಥ ಗಂಟು ಅಂಟಿಕೊಂಡಿತ್ತು. ಹೆಬ್ಬೆರಳಿನ ತುದಿಯಷ್ಟಿದೆ. ಒಲೆಗೆ ಹಾಕುವಷ್ಟರಲ್ಲಿ ಮಗಳು ಕಸಿದುಕೊಂಡಳು. ಅದು ಸೂರ್ಯನ ಕುದುರೆಯ ಮೊಟ್ಟೆಗೂಡಂತೆ. ಈ ಸಲ ಸರಿಯಾಗಿ ಸಾಕುತ್ತೇನೆ ಎಂದು ಹಟ ಹಿಡಿದಿದ್ದಾಳೆ.

ಕಳೆದ ಸಲ ತಪ್ಪಾದದ್ದು ಎಲ್ಲಿ? ಮರಿಗಳು ಬಂದರೆ ಏನು ಕೊಡಬೇಕು? ಮತ್ತೊಂದು ಸಲ ಅವಳು ಹಾಗೆ ಅಳುವುದನ್ನು ನೋಡಲು ನನಗೆ ಆಗುವುದಿಲ್ಲ. ಗೊತ್ತಿದ್ದವರು ಹೇಳಿ.

ಕಾಳಿದಂಡೆ, ಕಾರವಾರ · ಏಪ್ರಿಲ್ 14
ಮೊದಲು ಮಗಳಿಗೆ ಹೇಳಿ, ಅವಳು ಕೊಂದಿಲ್ಲ. ಸಾಕುವವರೆಲ್ಲ ಮೊದಲನೆಯದನ್ನು ಕಳೆದುಕೊಳ್ಳುವುದು ಹೀಗೇ. ನಾನೂ ಹಾಗೇ ಕಳೆದುಕೊಂಡೆ.

ಇವು ಪೊರೆ ಬಿಡುವಾಗ ತಲೆಕೆಳಗಾಗಿ ನೇತಾಡುತ್ತವೆ. ಹಿಂಗಾಲುಗಳಿಂದ ಮೇಲಿನ ಬಲೆಯನ್ನೋ ಕಡ್ಡಿಯನ್ನೋ ಹಿಡಿದು ಹಳೆ ಚರ್ಮದಿಂದ ಕೆಳಕ್ಕೆ ಜಾರುತ್ತವೆ. ಆಗ ಮೈ ಹಸಿ ಹಿಟ್ಟಿನಂತೆ ಮೆತ್ತಗಿರುತ್ತದೆ. ಕೆಳಗೆ ಜಾಗ ಸಾಲದಿದ್ದರೆ ತಳಕ್ಕೆ ತಾಗಿ ಕಾಲು ಸೊಟ್ಟಗೇ ಗಟ್ಟಿಯಾಗುತ್ತದೆ. ಸಾಕುವ ಗೂಡಿನ ಎತ್ತರ ಹುಳದ ಉದ್ದದ ಮೂರು ಪಟ್ಟಾದರೂ ಇರಬೇಕು, ಅಗಲ ಎರಡು ಪಟ್ಟು. ಮುಚ್ಚಳ ನುಣುಪಾದ ಪ್ಲಾಸ್ಟಿಕ್ ಆದರೆ ಹಿಡಿತ ಸಿಗದೆ ಬೀಳುತ್ತದೆ. ನಿಮ್ಮದು ಬಿದ್ದದ್ದು ಅದಕ್ಕೇ ಇರಬೇಕು.

ಇನ್ನೊಂದು ತಪ್ಪು ಆ ಮಿಡತೆ. ತಿನ್ನುವುದು ಬಿಟ್ಟಿತು ಅಂದರೆ ಪೊರೆ ಬಿಡುವ ಹೊತ್ತು ಬಂತು ಎಂದರ್ಥ. ಆಗ ಒಳಗೆ ಬೇರೆ ಜೀವ ಇರಲೇಬಾರದು. ನೇತಾಡುತ್ತಿರುವಾಗ ಮಿಡತೆ ತಾಗಿದರೂ ಸಾಕು, ಕೆಲವು ಸಲ ಕಚ್ಚಿಯೂ ಬಿಡುತ್ತದೆ.

ಹಸಿರೆಲೆ, ಯಲ್ಲಾಪುರ · ಏಪ್ರಿಲ್ 14
ನನ್ನ ಅಭಿಪ್ರಾಯ ಬೇರೆ. ಕಡ್ಡಿಯನ್ನು ವಾಪಸ್ ಬೆಟ್ಟದಲ್ಲೇ ಒಂದು ಪೊದೆಗೆ ಕಟ್ಟಿ ಬನ್ನಿ. ಕಾಡಿನ ಜೀವವನ್ನು ಡಬ್ಬದಲ್ಲಿ ಇಟ್ಟು ಪ್ರೀತಿ ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಮಕ್ಕಳು ಗಿಡದ ಹತ್ತಿರ ಕೂತು ನೋಡಲಿ. ಅಂಗಳದಲ್ಲೇ ಇರುವಾಗ ಒಳಗೆ ಯಾಕೆ?

ಅಜ್ಜಿಮನೆ, ಕುಮಟಾ · ಏಪ್ರಿಲ್ 15
ನಾವು ಚಿಕ್ಕವರಿದ್ದಾಗ ಇದನ್ನು ಮಿಡತೆ ಅಂತಲೇ ಕರೆಯುತ್ತಿದ್ದೆವು. ಕೈ ಮುಗಿದು ನಿಲ್ಲುತ್ತದೆ, ಮುಟ್ಟಬೇಡಿ, ಪಾಪ ಬರುತ್ತದೆ ಎಂದು ಅಜ್ಜಿ ಗದರಿಸುತ್ತಿದ್ದರು. ಕಚ್ಚಿದರೆ ವಿಷ ಏರುತ್ತದೆ ಅಂತಲೂ ಹೇಳುತ್ತಿದ್ದರು. ಮಗು ಕೈಯಲ್ಲಿ ಹಿಡಿಯುವುದು ಸರಿಯಾ?

ಕೀಟಪ್ರಿಯೆ, ಶಿರಸಿ · ಏಪ್ರಿಲ್ 15
ನಾನು ಇಲ್ಲಿನ ಅರಣ್ಯ ಕಾಲೇಜಿನಲ್ಲಿ ಓದುತ್ತಿದ್ದೇನೆ. ವಿಷ ಇಲ್ಲವೇ ಇಲ್ಲ. ದೊಡ್ಡ ಹೆಣ್ಣು ಮುಂಗಾಲಿನ ಮುಳ್ಳಿನಿಂದ ಬೆರಳು ಹಿಡಿದರೆ ಚುರುಕ್ ಅನ್ನುತ್ತದೆ, ಅಷ್ಟೇ.

ಮಿಡತೆ ಅಲ್ಲ ಇದು. ಮಿಡತೆ ಹುಲ್ಲು ತಿನ್ನುತ್ತದೆ, ಹಿಂಗಾಲಿನಿಂದ ನೆಗೆಯುತ್ತದೆ. ಇದು ಮುಂಗಾಲಿನಿಂದ ಬೇಟೆಯಾಡುತ್ತದೆ. ಹತ್ತಿರದ ನೆಂಟರು ಯಾರು ಗೊತ್ತಾ? ಜಿರಳೆ ಮತ್ತು ಗೆದ್ದಲು. ಇಂಗ್ಲಿಷಿನಲ್ಲಿ ಸೂರ್ಯನ ಕುದುರೆಗೆ ಮ್ಯಾಂಟಿಸ್ ಅನ್ನುತ್ತಾರೆ, ಜಗತ್ತಿನಲ್ಲಿ ಸುಮಾರು 2,400 ಜಾತಿಯ ಮ್ಯಾಂಟಿಸ್‌ಗಳಿವೆ. ನಮ್ಮ ಕಡೆ ಅಂಗಳದಲ್ಲಿ ಕಾಣುವ ದಪ್ಪ ಹಸಿರು ಹೆಚ್ಚಾಗಿ ಹೈರೋಡ್ಯುಲ ಗುಂಪಿನದು. ನೊರೆಯ ಗಂಟಿನ ವಿವರಣೆಯೂ ಅದಕ್ಕೆ ಹೊಂದುತ್ತದೆ.

@ತೋಟದಮನೆ, ಗೂಡಿನಲ್ಲಿ ಸೂಜಿಯಿಂದ ಚುಚ್ಚಿದಂಥ ದುಂಡು ತೂತುಗಳಿವೆಯಾ? ಇದ್ದರೆ ಅದರಿಂದ ಪುಟ್ಟ ಕಣಜಗಳು ಹೊರಬಂದಿವೆ ಎಂದರ್ಥ. ಪೊಡಾಗ್ರಿಯಾನ್ ಎನ್ನುವ ಕಣಜ ಉದ್ದ ಬಾಲದಂಥ ಕೊಳವೆ ಚುಚ್ಚಿ ಈ ಗೂಡಿನೊಳಗೆ ಮೊಟ್ಟೆ ಇಡುತ್ತದೆ. ಅದರ ಮರಿಗಳು ಮ್ಯಾಂಟಿಸ್ ಮೊಟ್ಟೆಗಳನ್ನು ತಿಂದು ಬೆಳೆಯುತ್ತವೆ.

ತೋಟದಮನೆ, ಶಿರಸಿ · ಏಪ್ರಿಲ್ 15
ಬ್ಯಾಟರಿ ಹಾಕಿ ನೋಡಿದೆವು. ಒಂದು ತೂತೂ ಇಲ್ಲ. ನಡುವೆ ಉದ್ದಕ್ಕೆ ಒಂದು ಪಟ್ಟಿ ಇದೆ, ಅದು ಮುಚ್ಚಿಕೊಂಡೇ ಇದೆ.

@ಹಸಿರೆಲೆ, ನಿಮ್ಮ ಮಾತನ್ನು ಮಗಳಿಗೆ ಓದಿ ಹೇಳಿದೆ. "ಒಲೆಗೆ ಹೋಗುತ್ತಿತ್ತಲ್ಲ ಅಪ್ಪ, ಈಗ ನಾವೇ ನೋಡಿಕೊಳ್ಳಬೇಕು" ಅಂದಳು.

ಕಾಳಿದಂಡೆ, ಕಾರವಾರ · ಏಪ್ರಿಲ್ 15
ಹಾಗಾದರೆ ಒಳ್ಳೆಯ ಗೂಡು. ಆ ಪಟ್ಟಿಯಿಂದಲೇ ಮರಿಗಳು ಹೊರಬರುವುದು. ಪಟ್ಟಿ ಗೋಡೆಗೆ ತಾಗದ ಹಾಗೆ ಕಡ್ಡಿಯನ್ನು ಕಟ್ಟಿ ನೇತುಹಾಕಿ. ಕೆಳಗೆ ಗೇಣುದ್ದ ಖಾಲಿ ಬಿಡಿ. ಮರಿಗಳು ನೂಲಿನಲ್ಲಿ ಇಳಿಬಿದ್ದ ಹಾಗೆ ಬರುತ್ತವೆ, ಬಂದ ತಕ್ಷಣ ಮೊದಲ ಪೊರೆ ಬಿಡುತ್ತವೆ.

ಸಾಕುವ ಗೂಡಿಗೆ ಅಂಗಡಿಯ ಗಾಜಿನ ಪೆಟ್ಟಿಗೆ ಬೇಡ. ಹಪ್ಪಳ ಸಂಡಿಗೆ ಒಣಗಿಸುವಾಗ ಮುಚ್ಚುವ ಮಡಿಸುವ ಬಲೆ ಇದೆಯಲ್ಲ, ಅದೇ ಸಾಕು. ನಾನು ಕಾರವಾರದಲ್ಲಿ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಾಲ್ಕು ವರ್ಷದಿಂದ ಅದರಲ್ಲೇ ಸಾಕುತ್ತಿದ್ದೇನೆ. ಆದರೆ ಹುಟ್ಟಿದ ಮರಿ ಬಲೆಯ ಕಣ್ಣಿನಲ್ಲೇ ಹೊರಟುಹೋಗುತ್ತದೆ. ಮೊದಲ ತಿಂಗಳು ಹಳೆಯ ವೇಲೋ ತೆಳು ಪಂಚೆಯೋ ಸುತ್ತಿ.

ಮತ್ತೆ, ಇರುವೆ! ನಮ್ಮ ಜಿಲ್ಲೆಯಲ್ಲಿ ಮ್ಯಾಂಟಿಸ್ ಮರಿಗೆ ಇರುವೆಗಿಂತ ದೊಡ್ಡ ಶತ್ರು ಇಲ್ಲ. ಸ್ಟೂಲಿನ ನಾಲ್ಕೂ ಕಾಲಿಗೆ ನೀರಿನ ಬಟ್ಟಲು ಇಡಿ.

ಜೇನುಪೆಟ್ಟಿಗೆ, ಸಿದ್ದಾಪುರ · ಏಪ್ರಿಲ್ 16
ಇರುವೆಗೆ ನೀರಿನ ಬಟ್ಟಲು ಇಡುವುದು ನಮ್ಮ ಜೇನುಪೆಟ್ಟಿಗೆಯ ಉಪಾಯ. ಅದನ್ನು ಜೇನಿನ ಶತ್ರುವಿಗೇ ಹೇಳಿಕೊಡುತ್ತಿದ್ದೀರಲ್ಲ.

ನನ್ನ ಸಿಟ್ಟಿಗೆ ಕಾರಣ ಇದೆ. ತುಡುವೆ ಜೇನಿನ ಪೆಟ್ಟಿಗೆಯ ಬಾಗಿಲಲ್ಲೇ ಈ ಹುಳ ಕೂತು, ಬಂದುಹೋಗುವ ಹುಳುಗಳನ್ನು ಒಂದೊಂದಾಗಿ ಹಿಡಿಯುತ್ತದೆ. ಒಂದು ಬೆಳಿಗ್ಗೆ ನಾಲ್ಕು ಹುಳು ತಿಂದದ್ದನ್ನು ಕಣ್ಣಾರೆ ನೋಡಿದ್ದೇನೆ. ಒಂದು ಗೂಡಿನಿಂದ ನೂರಾರು ಮರಿ ಬರುತ್ತವಂತೆ. ಸಾಕಿ ಹೊರಗೆ ಬಿಟ್ಟರೆ ನಮ್ಮಂಥವರ ಪಾಡೇನು?

ಹೊಸಹರೆಯ, ಅಂಕೋಲಾ · ಏಪ್ರಿಲ್ 16
ಆದರೆ ಮ್ಯಾಂಟಿಸ್ ರೈತನ ಮಿತ್ರ ಅಲ್ವಾ? ಕೀಟನಾಶಕದ ಬದಲು ಇದನ್ನೇ ತೋಟಕ್ಕೆ ಬಿಡಬಹುದು ಎಂದು ಓದಿದ್ದೇನೆ.

ಕೀಟಪ್ರಿಯೆ, ಶಿರಸಿ · ಏಪ್ರಿಲ್ 16
ಆ ಮಾತನ್ನು ಜಾಸ್ತಿ ನಂಬಬೇಡಿ. ಮ್ಯಾಂಟಿಸ್ ಮಿತ್ರ, ಶತ್ರು ಎಂದು ನೋಡುವುದಿಲ್ಲ. ಅಲುಗಾಡುವುದು ಹಿಡಿತಕ್ಕೆ ಸಿಕ್ಕರೆ ತಿನ್ನುತ್ತದೆ. ಎಲೆ ತಿನ್ನುವ ಹುಳ, ಜೇನು, ಚಿಟ್ಟೆ, ಕೊನೆಗೆ ತನ್ನದೇ ಒಡಹುಟ್ಟು. ಯಾವುದೋ ಒಂದು ಪೀಡೆಯನ್ನೇ ಹುಡುಕಿ ತಿನ್ನುವ ಗುಣ ಅದಕ್ಕಿಲ್ಲ.

@ಜೇನುಪೆಟ್ಟಿಗೆಯವರ ದೂರು ನಿಜ. ಆದರೆ ಹುಟ್ಟಿದ ಮರಿ ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ. ನೂರರಲ್ಲಿ ಬಹುಪಾಲು ಇರುವೆ, ಜೇಡ, ಹಲ್ಲಿ, ಹಕ್ಕಿಗಳ ಪಾಲಾಗುತ್ತವೆ. ರೆಕ್ಕೆ ಬರುವವರೆಗೆ ಉಳಿಯುವುದು ಬೆರಳೆಣಿಕೆ. ಪೆಟ್ಟಿಗೆಯ ಹತ್ತಿರ ಬಿಡಬಾರದು ಎನ್ನುವುದನ್ನು ಮಾತ್ರ ಎಲ್ಲರೂ ಪಾಲಿಸೋಣ.

ಜೇನುಪೆಟ್ಟಿಗೆ, ಸಿದ್ದಾಪುರ · ಏಪ್ರಿಲ್ 16
ಅಷ್ಟು ಪಾಲಿಸಿದರೆ ನನ್ನ ತಕರಾರು ಇಲ್ಲ. ನಾನೂ ಪೆಟ್ಟಿಗೆ ಮೇಲೆ ಸಿಕ್ಕಿದ್ದನ್ನು ಕೊಲ್ಲುವುದಿಲ್ಲ. ಹಿಡಿದು ಗದ್ದೆಯಾಚೆ ಬಿಟ್ಟು ಬರುತ್ತೇನೆ.

ತೋಟದಮನೆ, ಶಿರಸಿ · ಮೇ 3
ಮರಿಗಳು ಬಂದವು! ಬೆಳಿಗ್ಗೆ ಆಸರಿ ಕುಡಿಯುತ್ತಿದ್ದಾಗ ಮಗಳು ಕೂಗಿದಳು. ಓಡಿ ಹೋಗಿ ನೋಡಿದರೆ ಗೂಡಿನ ಕೆಳಗೆ ಹುಳಗಳು ಗೊಂಚಲು ಗೊಂಚಲಾಗಿ ನೇತಾಡುತ್ತಿವೆ. ಅರ್ಧ ಗಂಟೆಯಲ್ಲಿ ಎಲ್ಲವೂ ಕಾಲು ಬಿಡಿಸಿಕೊಂಡು ಬಟ್ಟೆಯ ಮೇಲೆಲ್ಲ ಓಡಾಟ. ಎಣಿಸಲು ನೋಡಿದೆವು, 130ರ ಹತ್ತಿರ ಲೆಕ್ಕ ತಪ್ಪಿತು. ನನ್ನ ಅಮ್ಮನಿಗೆ ಎಂಬತ್ತು ವರ್ಷ. ಅವರೂ ಕುರ್ಚಿ ಹಾಕಿಸಿಕೊಂಡು ಕೂತು ನೋಡಿದರು.

ಈಗ ಇಷ್ಟೊಂದು ಹೊಟ್ಟೆಗೆ ಏನು ಕೊಡಲಿ? ತುರ್ತಾಗಿ ಹೇಳಿ.

ಕಾಳಿದಂಡೆ, ಕಾರವಾರ · ಮೇ 3
ತುರ್ತು ಇಲ್ಲ. ಮೊದಲ ಒಂದೆರಡು ದಿನ ಅವು ಹೆಚ್ಚೇನೂ ತಿನ್ನುವುದಿಲ್ಲ. ನಾಳೆ ಬೆಳಿಗ್ಗೆ ಹತ್ತನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಿ. ಎಲ್ಲವನ್ನೂ ಒಂದೇ ಪೊದೆಗೆ ಸುರಿಯಬೇಡಿ. ದಾಸವಾಳಕ್ಕೆ ಎಂಟು, ಬೇಲಿಗೆ ಎಂಟು, ಹೀಗೆ ಹಂಚಿ. ಚಗಳಿ ಇರುವೆ ಗೂಡು ಕಟ್ಟಿದ ಮರದ ಹತ್ತಿರ ಬೇಡ.

ಇಟ್ಟುಕೊಂಡ ಹತ್ತಕ್ಕೆ ಒಂದೊಂದಕ್ಕೂ ಬೇರೆ ಡಬ್ಬ. ಒಟ್ಟಿಗಿಟ್ಟರೆ ವಾರದಲ್ಲಿ ತಿಂದುಕೊಳ್ಳುತ್ತವೆ.

ಆಹಾರಕ್ಕೆ ಈಗ ನಿಮ್ಮಲ್ಲಿ ಹಲಸಿನ ಕಾಲ. ಒಂದು ಬಾಟಲಿಗೆ ಹಲಸಿನ ರೆಚ್ಚೆ, ಕೊಳೆತ ಬಾಳೆಹಣ್ಣು ಹಾಕಿ ಬಾಯಿ ತೆರೆದಿಡಿ. ಸಂಜೆಗೆ ಕೆಂಪು ಕಣ್ಣಿನ ಸಣ್ಣ ನೊಣಗಳು ತುಂಬುತ್ತವೆ. ಬಾಯಿಗೆ ಬಟ್ಟೆ ಕಟ್ಟಿ. ಹತ್ತು ದಿನದಲ್ಲಿ ಬಾಟಲಿಯೊಳಗೇ ಹೊಸ ನೊಣಗಳು ಹುಟ್ಟುತ್ತವೆ. ವಾರಕ್ಕೊಂದು ಹೊಸ ಬಾಟಲಿ ಶುರು ಮಾಡುತ್ತಾ ಹೋದರೆ ಕೊರತೆ ಬರುವುದಿಲ್ಲ.

ಕೀಟಪ್ರಿಯೆ, ಶಿರಸಿ · ಮೇ 3
ಹೇಳಿದ್ದು ಸರಿ. ಮಾವಿನಹಣ್ಣು ಹಾಳು ಮಾಡುವ ಹಳದಿ ಮೈಯ ದೊಡ್ಡ ನೊಣ ಬೇರೆ. ಇಲ್ಲಿ ಬೇಕಾದದ್ದು ಡ್ರೊಸೊಫಿಲ, ಎಳ್ಳುಕಾಳಿನಷ್ಟು ಇರುವುದು.

ಹಸಿರೆಲೆ, ಯಲ್ಲಾಪುರ · ಮೇ 4
ನೂರಿಪ್ಪತ್ತನ್ನು ಹೊರಗೆ ಬಿಡಿ ಎಂದದ್ದು ಓದಿ ಸಮಾಧಾನ ಆಯಿತು. ಆ ಹತ್ತರ ಬಗ್ಗೆ ನನ್ನ ಮಾತು ಹಾಗೇ ಇದೆ.

ಹೊಸಹರೆಯ, ಅಂಕೋಲಾ · ಮೇ 6
ಇದನ್ನೆಲ್ಲ ಓದಿ ನನಗೂ ಆಸೆ ಆಗಿದೆ. ಬಿಳಿ ಗುಲಾಬಿ ಬಣ್ಣದ ಆರ್ಕಿಡ್ ಮ್ಯಾಂಟಿಸ್ ಆನ್‌ಲೈನಿನಲ್ಲಿ ಯಾರೋ ಮಾರುತ್ತಿದ್ದಾರೆ. ತರಿಸಲಾ?

ಕೀಟಪ್ರಿಯೆ, ಶಿರಸಿ · ಮೇ 6
ದಯವಿಟ್ಟು ಬೇಡ. ಅದು ಮಲೇಷ್ಯಾ, ಇಂಡೋನೇಷ್ಯಾ ಕಡೆಯದು. ಹೊರದೇಶದಿಂದ ಜೀವಂತ ಕೀಟ ತರಿಸಲು ಸರ್ಕಾರದ ಪರವಾನಗಿ ಬೇಕು. ಕೊರಿಯರ್ ಡಬ್ಬದಲ್ಲಿ ಮೂರು ದಿನ ಬಿಸಿಲಲ್ಲಿ ಬರುವ ಹುಳದ ಗತಿ ಯೋಚಿಸಿ.

ಹೂವಿನಂಥದ್ದೇ ಬೇಕಾದರೆ ನಮ್ಮ ಘಟ್ಟದಲ್ಲೇ ಕ್ರಿಯೋಬ್ರೋಟರ್ ಇದೆ. ಎರಡು ಇಂಚು ಕೂಡ ಇರುವುದಿಲ್ಲ. ಹಸಿರು ರೆಕ್ಕೆಯ ಮೇಲೆ ಬರೆದಿಟ್ಟಂಥ ಕಣ್ಣಿನ ಗುರುತು. ಮರಿ ಹುಟ್ಟಿದಾಗ ಕಪ್ಪಗೆ ಥೇಟ್ ಇರುವೆ ಥರ ಕಾಣುತ್ತದೆ.

ಕ್ಯಾಮೆರಾಕಣ್ಣು, ಜೋಯಿಡಾ · ಮೇ 6
ಹಿಡಿಯುವ ಮುಂಚೆ ಎಲ್ಲಿದ್ದೀರಿ ನೋಡಿಕೊಳ್ಳಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶ, ದಾಂಡೇಲಿ ಅಭಯಾರಣ್ಯ, ಇಂಥ ಕಡೆ ಒಂದು ಹುಳವನ್ನೂ ಎತ್ತಿಕೊಂಡು ಬರುವಂತಿಲ್ಲ. ನಾನು ಫೋಟೋ ತೆಗೆದು ಅಲ್ಲೇ ಬಿಡುತ್ತೇನೆ.

ಒಂದು ಸಲ ಮರದ ತೊಗಟೆಯ ಫೋಟೋ ತೆಗೆದು ಮನೆಗೆ ಬಂದು ದೊಡ್ಡದು ಮಾಡಿ ನೋಡಿದಾಗ ತೊಗಟೆಯ ಮೇಲೆ ಚಪ್ಪಟೆಯಾದ ತೊಗಟೆ ಮ್ಯಾಂಟಿಸ್ ಕಂಡಿತು. ಅಲ್ಲಿದ್ದಾಗ ನನಗೆ ಅದು ಕಂಡೇ ಇರಲಿಲ್ಲ.

ತೋಟದಮನೆ, ಶಿರಸಿ · ಜೂನ್ 19
ಬಹಳ ದಿನ ಆಯಿತು. ಹತ್ತರಲ್ಲಿ ಐದು ಉಳಿದಿವೆ. ಎರಡು ಮೊದಲ ವಾರವೇ ಸತ್ತವು. ಒಂದು ತಪ್ಪಿಸಿಕೊಂಡಿತು. ಎರಡು ಒಂದೇ ರಾತ್ರಿ ಸತ್ತವು. ಈ ಎರಡರದು ನಮ್ಮ ತಪ್ಪು. ಸೊಳ್ಳೆ ಜಾಸ್ತಿ ಆಯಿತೆಂದು ನಾನೇ ಆ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿದ್ದೆ. ಯೋಚನೆಯೇ ಬರಲಿಲ್ಲ. ಮಗಳ ಮುಂದೆ ಒಪ್ಪಿಕೊಂಡೆ. ಅವಳು ಏನೂ ಅನ್ನಲಿಲ್ಲ, ಉಳಿದ ಡಬ್ಬಗಳನ್ನು ಎತ್ತಿಕೊಂಡು ಅಜ್ಜಿಯ ಕೋಣೆಗೆ ಹೋದಳು.

ಈಗ ಮಳೆ ಹಿಡಿದಿದೆ. ಡಬ್ಬದ ತಳದಲ್ಲಿ ಬೂಷ್ಟು ಬರುತ್ತಿದೆ. ದಿನಾ ನೀರು ಚಿಮುಕಿಸಬೇಕು ಎಂದು ಎಲ್ಲ ಕಡೆ ಬರೆದಿರುತ್ತದೆ. ಇಲ್ಲಿ ಬಟ್ಟೆಯೇ ಒಣಗುತ್ತಿಲ್ಲ, ಇನ್ನು ನೀರು ಎಲ್ಲಿ ಚಿಮುಕಿಸುವುದು?

ಕಾಳಿದಂಡೆ, ಕಾರವಾರ · ಜೂನ್ 19
ಸೊಳ್ಳೆಬತ್ತಿ, ಪ್ಲಗ್ಗಿಗೆ ಹಾಕುವ ಲಿಕ್ವಿಡ್, ಜಿರಳೆ ಸ್ಪ್ರೇ, ಎಲ್ಲವೂ ಕೀಟ ಕೊಲ್ಲಲೆಂದೇ ಮಾಡಿದ ಔಷಧಿ. ಮ್ಯಾಂಟಿಸ್ ಕೂಡ ಕೀಟವೇ. ಸಾಕುವ ಮನೆಯಲ್ಲಿ ಸೊಳ್ಳೆಪರದೆ ಒಂದೇ ದಾರಿ. ಅಡುಗೆಮನೆಯ ಜಿರಳೆ ಹಿಡಿದು ಕೊಡುವುದೂ ಬೇಡ, ಅದು ಎಲ್ಲಿ ಏನು ತಿಂದು ಬಂದಿದೆಯೋ.

ನೀರಿನ ವಿಷಯ: ಆ ಲೆಕ್ಕ ಬರೆದವರು ಒಣ ಊರಿನವರು. ಶಿರಸಿಯ ಆಷಾಢದಲ್ಲಿ ಚಿಮುಕಿಸುವುದೇ ಬೇಡ. ಕುಡಿಯಲು ಎರಡು ದಿನಕ್ಕೊಮ್ಮೆ ಬಲೆಯ ಮೇಲೆ ನಾಲ್ಕು ಹನಿ ಸಾಕು. ನಿಮಗೆ ಈಗ ಬೇಕಾದದ್ದು ಗಾಳಿ. ಡಬ್ಬ ಬಿಟ್ಟು ಬಲೆಗೂಡಿಗೆ ಹಾಕಿ. ತಳಕ್ಕೆ ಹಳೆ ಪೇಪರ್ ಹಾಸಿ, ದಿನಾ ಬದಲಿಸಿ. ತಿಂದು ಬಿಟ್ಟ ರೆಕ್ಕೆ, ಕಾಲುಗಳನ್ನು ಸಂಜೆಯೇ ತೆಗೆಯಿರಿ. ಬೂಷ್ಟು ಶುರುವಾಗುವುದು ಅಲ್ಲಿಂದ.

ಜೇನುಪೆಟ್ಟಿಗೆ, ಸಿದ್ದಾಪುರ · ಜೂನ್ 20
ನೀವು ಅಡಿಕೆ ತೋಟಕ್ಕೆ ಔಷಧಿ ಹೊಡೆಸಿ ಆಯಿತಾ? ಬೋರ್ಡೋ ಹೊಡೆದ ಮೇಲೆ ತೋಟದ ಹುಳ ಹಿಡಿದು ಕೊಡಬೇಡಿ.

ಅಜ್ಜಿಮನೆ, ಕುಮಟಾ · ಜೂನ್ 20
ಬೋರ್ಡೋ ಅಂದರೆ ಮೈಲುತುತ್ತ, ಸುಣ್ಣ ಅಷ್ಟೇ ಅಲ್ವಾ? ಅದು ಕೊಳೆರೋಗದ ಬೂಷ್ಟಿಗೆ. ಹುಳಕ್ಕೆ ಏನಾಗುತ್ತದೆ?

ಜೇನುಪೆಟ್ಟಿಗೆ, ಸಿದ್ದಾಪುರ · ಜೂನ್ 20
ಹೌದು, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಆದರೆ ಮೈಲುತುತ್ತದಲ್ಲಿ ಇರುವುದು ತಾಮ್ರ, ತಾಮ್ರ ತಾಮ್ರವೇ. ಎಲೆ ನೀಲಿಯಾಗಿರುತ್ತದೆ, ಅದರ ಮೇಲೆ ಕೂತ ಮಿಡತೆಯ ಮೈಗೂ ಹತ್ತಿರುತ್ತದೆ. ಬೆಟ್ಟದ ಹುಲ್ಲಿನಿಂದ ಹಿಡಿಯುವುದಕ್ಕೆ ಹತ್ತು ಹೆಜ್ಜೆ ಜಾಸ್ತಿ, ಅಷ್ಟೇ ತಾನೇ.

ಅಜ್ಜಿಮನೆ, ಕುಮಟಾ · ಜೂನ್ 20
ಅದು ಸರಿ. ನಮ್ಮಲ್ಲಿ ಈ ವರ್ಷ ಅಡಿಕೆ ಮರ ಹತ್ತುವ ಕೊನೆಗಾರರೇ ಸಿಗುತ್ತಿಲ್ಲ. ನಿಮ್ಮ ಕಡೆ ಕೂಲಿ ಎಷ್ಟಾಗಿದೆ?

ಜೇನುಪೆಟ್ಟಿಗೆ, ಸಿದ್ದಾಪುರ · ಜೂನ್ 20
ಅದನ್ನು ಮಾತಾಡಲು ಶುರು ಮಾಡಿದರೆ ಈ ಮಗುವಿನ ಹುಳದ ಕಥೆ ಮರೆತುಹೋಗುತ್ತದೆ. ಬೇರೆ ಕಡೆ ಮಾತಾಡೋಣ.

ಕ್ಯಾಮೆರಾಕಣ್ಣು, ಜೋಯಿಡಾ · ಜೂನ್ 24
ಇವತ್ತು ನೋಡಿದ್ದು ಹೇಳಲೇಬೇಕು. ಹಳ್ಳದ ಅಂಚಿನಲ್ಲಿ ದೊಡ್ಡ ಕಂದು ಮ್ಯಾಂಟಿಸ್ ನೀರಿಗೆ ಬಿದ್ದಿತ್ತು. ಎತ್ತೋಣ ಎಂದು ಬಗ್ಗಿದರೆ ಅದರ ಹೊಟ್ಟೆಯ ತುದಿಯಿಂದ ಕಪ್ಪು ದಾರ ಹೊರಬರುತ್ತಿದೆ. ದಾರ ಅಲ್ಲ, ಹುಳು! ಮ್ಯಾಂಟಿಸ್‌ಗಿಂತ ಎಷ್ಟೋ ಉದ್ದ, ತಂತಿಯ ಹಾಗೆ ಸುರುಳಿ ಸುತ್ತುತ್ತಾ ನೀರಿನೊಳಗೆ ಹೋಯಿತು. ಮೈ ಜುಂ ಅಂದಿತು.

ಕೀಟಪ್ರಿಯೆ, ಶಿರಸಿ · ಜೂನ್ 24
ಕುದುರೆಕೂದಲ ಹುಳು! ಮ್ಯಾಂಟಿಸ್‌ನಲ್ಲಿ ಇರುವುದು ಹೆಚ್ಚಾಗಿ ಕಾರ್ಡೋಡಿಸ್ ಗುಂಪಿನದು. ಅದರ ಮರಿ ಮೊದಲು ನೀರಿನ ಕೀಟಗಳ ಮೈ ಸೇರುತ್ತದೆ. ಆ ಕೀಟ ರೆಕ್ಕೆ ಬಂದು ಮೇಲೆ ಹಾರಿದಾಗ ಮ್ಯಾಂಟಿಸ್ ತಿನ್ನುತ್ತದೆ, ಹುಳು ಅದರ ಹೊಟ್ಟೆ ಸೇರಿ ಬೆಳೆಯುತ್ತದೆ. ಬೆಳೆದ ಮೇಲೆ ಮ್ಯಾಂಟಿಸ್ ತಾನಾಗಿ ನೀರಿಗೆ ಇಳಿಯುವ ಹಾಗೆ ಮಾಡುತ್ತದೆ. ಮನುಷ್ಯರಿಗೆ ಏನೂ ಆಗುವುದಿಲ್ಲ.

@ತೋಟದಮನೆ, ಹಳ್ಳದ ಹತ್ತಿರ ಸಿಕ್ಕ ರೆಕ್ಕೆಯ ಹುಳಗಳನ್ನು ಆಹಾರಕ್ಕೆ ಕೊಡಬೇಡಿ.

ಅಜ್ಜಿಮನೆ, ಕುಮಟಾ · ಜೂನ್ 24
ಊಟ ಮಾಡುತ್ತಾ ಓದಿದೆ. ತಟ್ಟೆ ಬದಿಗಿಟ್ಟೆ.

ಹೊನ್ನಾವರದ ಟೀಚರ್ · ಜುಲೈ 8
ನಮ್ಮ ಶಾಲೆಯಲ್ಲೂ ಒಂದು ಮರಿ ಇದೆ. ಮಕ್ಕಳ ಪ್ರಶ್ನೆಗೆ ನನಗೆ ಉತ್ತರ ಗೊತ್ತಾಗಲಿಲ್ಲ. ನಾವು ಯಾವ ಕಡೆಯಿಂದ ನೋಡಿದರೂ ಅದರ ಕಣ್ಣಿನ ಕಪ್ಪು ಚುಕ್ಕೆ ನಮ್ಮನ್ನೇ ನೋಡುತ್ತದೆ. ಹೇಗೆ?

ಕೀಟಪ್ರಿಯೆ, ಶಿರಸಿ · ಜುಲೈ 8
ಅದು ನಿಜವಾದ ಪಾಪೆ ಅಲ್ಲ. ಅದರ ಒಂದು ಕಣ್ಣಿನಲ್ಲಿ ಸಾವಿರಾರು ಸಣ್ಣ ಕೊಳವೆಗಳು ಬೇರೆ ಬೇರೆ ಕಡೆಗೆ ಮುಖ ಮಾಡಿವೆ. ನಮ್ಮ ಕಡೆ ನೇರವಾಗಿ ತಿರುಗಿರುವ ಕೊಳವೆಗಳು ಬೆಳಕನ್ನು ಒಳಗೆ ಹೀರಿಕೊಳ್ಳುತ್ತವೆ, ಹಾಗಾಗಿ ನಮಗೆ ಅಲ್ಲಿ ಕಪ್ಪು ಕಾಣುತ್ತದೆ. ನಾವು ಸರಿದರೆ ಬೇರೆ ಕೊಳವೆಗಳು ನೇರವಾಗುತ್ತವೆ. ರಾತ್ರಿ ನೋಡಿ, ಇಡೀ ಕಣ್ಣೇ ಕಪ್ಪಾಗಿರುತ್ತದೆ.

ಆದರೆ ಮಕ್ಕಳ ಮಾತು ಪೂರ್ತಿ ತಪ್ಪಲ್ಲ. ಮ್ಯಾಂಟಿಸ್ ತಲೆ ತಿರುಗಿಸಿ ನಿಜವಾಗಿಯೂ ನೋಡುತ್ತದೆ, ದೂರವನ್ನೂ ಅಳೆಯುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಜೇನುಮೇಣದಿಂದ ಅದರ ಮುಖಕ್ಕೆ ಪುಟ್ಟ ಕನ್ನಡಕ ಅಂಟಿಸಿ, ಪರದೆಯ ಮೇಲೆ ಮೂರು ಆಯಾಮದ ಹುಳದ ಚಿತ್ರ ತೋರಿಸಿದರು. ಚಿತ್ರ ಹತ್ತಿರ ಬಂದಂತೆ ಕಂಡಾಗ ಅದು ಕೈ ಚಾಚಿ ಹೊಡೆಯಿತು. 2016ರಲ್ಲಿ ಆ ವಿಷಯ ಪ್ರಕಟವಾಯಿತು.

ಮಕ್ಕಳಿಗೆ ಇನ್ನೊಂದು ಹೇಳಿ. ಅದಕ್ಕೆ ಇರುವುದು ಒಂದೇ ಕಿವಿ. ತಲೆಯಲ್ಲಲ್ಲ, ಎದೆಯ ಅಡಿಯಲ್ಲಿ, ಹಿಂಗಾಲುಗಳ ನಡುವೆ. 1986ರಲ್ಲಿ ಅಮೆರಿಕದ ಯೇಗರ್ ಮತ್ತು ಹಾಯ್ ಎಂಬ ವಿಜ್ಞಾನಿಗಳು ಇದನ್ನು ಹೊರಗೆ ತಂದರು. ರಾತ್ರಿ ಹಾರುವಾಗ ಬಾವಲಿಯ ಕೂಗು ಅದರಲ್ಲಿ ಕೇಳಿಸಿತೆಂದರೆ ತಟ್ಟನೆ ಕೆಳಕ್ಕೆ ಧುಮುಕುತ್ತದೆ.

ಹೊನ್ನಾವರದ ಟೀಚರ್ · ಜುಲೈ 9
ಕಿವಿಯ ವಿಷಯ ಹೇಳಿದಾಗ ಇಡೀ ಕ್ಲಾಸು ಗಪ್ ಚುಪ್. ಆಮೇಲೆ ಎಲ್ಲರಿಗೂ ಭೂತಗನ್ನಡಿ ಬೇಕಾಯಿತು.

ತೋಟದಮನೆ, ಶಿರಸಿ · ಆಗಸ್ಟ್ 2, ರಾತ್ರಿ 11:20
ಯಾರಾದರೂ ಎಚ್ಚರ ಇದ್ದೀರಾ? ಈಗ ಮೂರು ಉಳಿದಿವೆ. ಅದರಲ್ಲಿ ದೊಡ್ಡದು ನಾಲ್ಕು ದಿನದಿಂದ ತಿಂದಿಲ್ಲ. ಈಗ ಬಲೆಯ ಮೇಲ್ಭಾಗದಲ್ಲಿ ನೇತಾಡುತ್ತಾ ಮೈ ಅಲ್ಲಾಡಿಸುತ್ತಿದೆ. ಬೆನ್ನು ಬಿರಿದಿದೆ. ಕಳೆದ ಸಲದ ಹಾಗೆ ಆಗುತ್ತದೆಂದು ಮಗಳು ಹೆದರಿದ್ದಾಳೆ. ಎಳೆದು ಸಹಾಯ ಮಾಡಬಹುದಾ?

ಕಾಳಿದಂಡೆ, ಕಾರವಾರ · ಆಗಸ್ಟ್ 2, ರಾತ್ರಿ 11:24
ಮುಟ್ಟಬೇಡಿ! ಗೂಡು ಅಲುಗಿಸಬೇಡಿ, ಊದಬೇಡಿ. ಬ್ಯಾಟರಿಯನ್ನೂ ನೇರ ಹಿಡಿಯಬೇಡಿ. ಹಿಡಿತ ಗಟ್ಟಿ ಇದ್ದು ಕೆಳಗೆ ಜಾಗ ಇದ್ದರೆ ಅದೇ ನೋಡಿಕೊಳ್ಳುತ್ತದೆ. ಪೂರ್ತಿ ಬಂದ ಮೇಲೂ ಸ್ವಲ್ಪ ಹೊತ್ತು ಸತ್ತ ಹಾಗೆ ನೇತಾಡುತ್ತದೆ. ಹೆದರಬೇಡಿ.

ತೋಟದಮನೆ, ಶಿರಸಿ · ಆಗಸ್ಟ್ 3, ರಾತ್ರಿ 12:05
ಬಂತು. ಆರೂ ಕಾಲು ನೆಟ್ಟಗಿವೆ. ತಿರುಗಿ ತನ್ನದೇ ಹಳೆ ಪೊರೆಯನ್ನು ಹಿಡಿದು ನೇತಾಡುತ್ತಿದೆ. ಮೈ ಎಷ್ಟು ಎಳೆ ಹಸಿರು ಅಂದರೆ ಬಾಳೆಯ ಸುಳಿಯ ಹಾಗೆ. ಮಗಳು ಒಂದು ಮಾತೂ ಆಡದೆ ಕೈ ಮುಗಿದು ನಿಂತಿದ್ದಳು.

ಹಸಿರೆಲೆ, ಯಲ್ಲಾಪುರ · ಆಗಸ್ಟ್ 3
ನಿನ್ನೆ ರಾತ್ರಿ ನಾನೂ ಓದುತ್ತಾ ಎಚ್ಚರ ಇದ್ದೆ. ಈ ಮಗು ಮುಂದೆ ಒಂದು ಹುಳವನ್ನೂ ತುಳಿಯುವುದಿಲ್ಲ ಎಂದು ಗೊತ್ತಾಗುತ್ತಿದೆ. ಸಾಕುವುದನ್ನು ನಾನು ಒಪ್ಪುವುದಿಲ್ಲ, ಆದರೆ ಇವಳು ಸಾಕುವುದಕ್ಕೆ ನನ್ನ ವಿರೋಧ ಇಲ್ಲ.

ತೋಟದಮನೆ, ಶಿರಸಿ · ಸೆಪ್ಟೆಂಬರ್ 12
ರೆಕ್ಕೆ ಬಂತು! ಹೆಣ್ಣು. ಹೊಟ್ಟೆಯ ಅಡಿಯಲ್ಲಿ ಪಟ್ಟಿಗಳನ್ನು ಎಣಿಸಿ ಮಗಳೇ ಹೇಳಿದಳು, ಆರು ಇದ್ದರೆ ಹೆಣ್ಣು, ಎಂಟು ಇದ್ದರೆ ಗಂಡು ಅಂತೆ. ಉಳಿದ ಎರಡನ್ನು ಮೊನ್ನೆ ದಾಸವಾಳಕ್ಕೆ ಬಿಟ್ಟೆವು. ಒಂದು ಇನ್ನೂ ಅಲ್ಲೇ ಇದೆ, ದಿನಾ ನೋಡಿ ಬರುತ್ತೇವೆ. ಈಗ ಇದಕ್ಕೆ ದಿನಾ ತಿನ್ನಿಸಬೇಕಾ?

ಕಾಳಿದಂಡೆ, ಕಾರವಾರ · ಸೆಪ್ಟೆಂಬರ್ 12
ಮೊದಲ ಮೂರು ನಾಲ್ಕು ದಿನ ಏನೂ ಬೇಡ, ಬಾಯಿ ಮತ್ತು ಮುಂಗಾಲು ಗಟ್ಟಿಯಾಗಲಿ. ಆಮೇಲೆ ಎರಡು ಮೂರು ದಿನಕ್ಕೊಂದು ಮಿಡತೆ ಅಥವಾ ಪತಂಗ. ಹೊಟ್ಟೆ ನೋಡಿ ಕೊಡಿ. ಚಪ್ಪಟೆ ಇದ್ದರೆ ಹಸಿವು, ಉಬ್ಬಿದ್ದರೆ ನಿಲ್ಲಿಸಿ. ಹೊಟ್ಟೆ ಬಿರಿಯೆ ತಿಂದ ಹೆಣ್ಣು ಮೇಲಿಂದ ಬಿದ್ದರೆ ಹೊಟ್ಟೆ ಒಡೆದು ಸಾಯುತ್ತದೆ.

ಒಂದು ವಿಷಯ ಈಗಲೇ ಮಗಳಿಗೆ ಹೇಳಿಡಿ. ರೆಕ್ಕೆ ಬಂದ ಮೇಲೆ ಇವು ಕೆಲವೇ ತಿಂಗಳು ಬದುಕುವುದು. ಎಷ್ಟು ಚೆನ್ನಾಗಿ ನೋಡಿಕೊಂಡರೂ ಅಷ್ಟೇ. ನಾನು ಅದನ್ನು ನನ್ನ ಮಗನಿಗೆ ಮೊದಲೇ ಹೇಳಿರಲಿಲ್ಲ, ಆಮೇಲೆ ಬಹಳ ಕಷ್ಟ ಆಯಿತು.

ತೋಟದಮನೆ, ಶಿರಸಿ · ಸೆಪ್ಟೆಂಬರ್ 12
ಹೇಳಿದೆ. "ನನಗೆ ಗೊತ್ತು ಅಪ್ಪ, ಮೊಟ್ಟೆಗೂಡು ಇಟ್ಟರೆ ಸಾಕು" ಅಂದಳು.

ತೋಟದಮನೆ, ಶಿರಸಿ · ಅಕ್ಟೋಬರ್ 4, ರಾತ್ರಿ 9:30
ಮಳೆ ಬಿಟ್ಟಿದೆ ಎಂದು ಎರಡು ರಾತ್ರಿಯಿಂದ ಬಲೆಗೂಡನ್ನು ಜಗಲಿಯಲ್ಲಿ ಇಟ್ಟಿದ್ದೆವು. ಈಗ ನೋಡಿದರೆ ಬಲೆಯ ಹೊರಗೆ ಇನ್ನೊಂದು ಬಂದು ಕೂತಿದೆ. ಸಪೂರ, ಕಂದು ಬಣ್ಣ, ರೆಕ್ಕೆ ಹೊಟ್ಟೆಗಿಂತ ಉದ್ದ. ಮಗಳು ಎಣಿಸಿದಳು, ಎಂಟು ಪಟ್ಟಿ. ದೀಪಕ್ಕೆ ಬಂತಾ? ದೀಪ ಹಾಕಿರಲಿಲ್ಲ.

ಕೀಟಪ್ರಿಯೆ, ಶಿರಸಿ · ಅಕ್ಟೋಬರ್ 4
ದೀಪಕ್ಕಲ್ಲ, ಇವಳಿಗೇ ಬಂದಿದ್ದು! ಬೆಳೆದ ಹೆಣ್ಣು ರಾತ್ರಿ ಹೊಟ್ಟೆಯನ್ನು ಬಾಗಿಸಿ ಒಂದು ವಾಸನೆ ಬಿಡುತ್ತದೆ. ನಮಗೆ ತಿಳಿಯುವುದಿಲ್ಲ. ಗಂಡು ಅದನ್ನು ಹಿಡಿದು ದೂರದಿಂದ ಹಾರಿ ಬರುತ್ತದೆ.

ಹೊಸಹರೆಯ, ಅಂಕೋಲಾ · ಅಕ್ಟೋಬರ್ 4
ಒಳಗೆ ಬಿಟ್ಟರೆ ತಲೆ ತಿಂದುಬಿಡುತ್ತಾಳಲ್ಲ!

ಕಾಳಿದಂಡೆ, ಕಾರವಾರ · ಅಕ್ಟೋಬರ್ 4
ಪ್ರತಿ ಸಲ ಹಾಗಾಗುವುದಿಲ್ಲ. ಹಸಿದ ಹೆಣ್ಣು, ಇಕ್ಕಟ್ಟಾದ ಗೂಡು, ಎರಡೂ ಸೇರಿದಾಗ ಜಾಸ್ತಿ. ನನ್ನಲ್ಲಿ ಐದು ಜೋಡಿಯಲ್ಲಿ ಒಂದು ಗಂಡು ಮಾತ್ರ ಹೋಗಿದೆ. @ತೋಟದಮನೆ, ಇವತ್ತು ಬಾಗಿಲು ತೆರೆಯಬೇಡಿ, ಗಂಡು ಬಲೆಯ ಹೊರಗೇ ಇರಲಿ. ಮೊದಲು ಇವಳಿಗೆ ಹೊಟ್ಟೆ ತುಂಬ ಕೊಡಿ. ಅವಳು ತಿನ್ನುತ್ತಿರುವಾಗ ಹಿಂದಿನಿಂದ ಬಿಡಿ, ದೊಡ್ಡ ಜಾಗದಲ್ಲಿ. ಜಗಲಿಯ ತುಳಸಿಕಟ್ಟೆ ಪಕ್ಕದ ಗಿಡವಾದರೂ ಆದೀತು.

ತೋಟದಮನೆ, ಶಿರಸಿ · ಅಕ್ಟೋಬರ್ 4, ರಾತ್ರಿ 9:52
ಸರಿ. ಮಗಳು ಬ್ಯಾಟರಿ ಹಿಡಿದು ಮಿಡತೆ ಹುಡುಕಲು ಹೊರಟಿದ್ದಾಳೆ. ಅಮ್ಮ ಅವಳ ಹಿಂದೆ ಕೊಡೆ ಹಿಡಿದುಕೊಂಡು ಹೋಗಿದ್ದಾರೆ. ನಾನೂ ಹೋಗುತ್ತೇನೆ, ಅಂಗಳ ಇನ್ನೂ ಜಾರುತ್ತಿದೆ.